ಕಾಳಿನೊಳಗಿನ ಕಳ್ಳ ಕೀಲಿಕೈ

ಸುಗ್ಗಿಯ ದಿನಗಳಲ್ಲಿ ಒಮ್ಮೆ ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಬನ್ನಿ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಈ ಊರಿಗೆ ಹಳೆಯ ಬನಶಂಕರಿ ಗುಡಿಯ ಹೆಸರೂ ಇದೆ, ದೊಡ್ಡ ಮಾರುಕಟ್ಟೆಯ ಹೆಸರೂ ಇದೆ. ಟ್ರ್ಯಾಕ್ಟರ್ ಟ್ರೇಲರ್‌ಗಳಿಂದ ಗೋವಿನಜೋಳ ಸುರಿಯುತ್ತಿರುತ್ತದೆ. ಹಳದಿ ರಾಶಿಗಳ ಪಕ್ಕದಲ್ಲಿ ಹಮಾಲರು ಚೀಲ ಹೊಲಿಯುತ್ತಿರುತ್ತಾರೆ. ಒಬ್ಬ ವ್ಯಾಪಾರಿ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಟ್ ಎನ್ನುತ್ತದೋ ಇಲ್ಲವೋ ನೋಡುತ್ತಾನೆ, ಇನ್ನೊಬ್ಬ ತೇವಾಂಶದ ಮಷಿನ್‌ನಲ್ಲಿ ಹಿಡಿಕಾಳು ಹಾಕಿ ಅಂಕಿ ಓದುತ್ತಾನೆ. ಚೀಲಗಳ ನೆರಳಿನಲ್ಲಿ ಮೊಲೆ ಜೋತ ಹೆಣ್ಣುನಾಯಿಯೊಂದು ಮಲಗಿರುತ್ತದೆ, ಚೆಲ್ಲಿದ್ದನ್ನು ಮೂಸುತ್ತದೆ, ಮತ್ತೆ ಮಲಗುತ್ತದೆ. ಈ ಕಾಳಿಗೂ ಆ ನಾಯಿಯ ಗರ್ಭಕೋಶಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಗುತ್ತೀರಿ. ನಾನೂ ನಗುತ್ತಿದ್ದೆ. ಈಗ ನಗುವುದಿಲ್ಲ, ಬೆರಗಾಗಿ ನಿಲ್ಲುತ್ತೇನೆ!

ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ. ನೂರರಲ್ಲಿ ಒಂದೆರಡು ಕಾಳು ಮಂಕಾಗಿರುತ್ತವೆ. ಒಂದರ ಮೂತಿಯಲ್ಲಿ ನಸುಗೆಂಪು, ಇನ್ನೊಂದರಲ್ಲಿ ಹಸಿರುಮಿಶ್ರಿತ ಬೂದಿ. ಬೂಷ್ಟು ಎಂದು ನಾವು ಮೂಗು ಮುರಿಯುವ ಆ ಚುಕ್ಕೆಯೊಳಗೆ ಒಂದು ರಸಾಯನಶಾಲೆ ಕೂತಿರಬಹುದು. ಅಲ್ಲಿ ತಯಾರಾಗುವ ಪದಾರ್ಥಗಳಲ್ಲಿ ಒಂದಂತೂ ಹೆಣ್ಣುದೇಹದ ಹಾರ್ಮೋನಿನ ಬೀಗಕ್ಕೆ ಕೂರುವ ಕಳ್ಳ ಕೀಲಿಕೈ! ಕಣ್ಣಿಲ್ಲದ, ಮಿದುಳಿಲ್ಲದ, ಎಂದೂ ನಾಯಿಯನ್ನು ಕಂಡಿಲ್ಲದ ಬೂಷ್ಟೊಂದು ನಾಯಿಯ ದೇಹಕ್ಕೆ "ಬೆದೆಗೆ ಬಾ" ಎಂದು ಸಂದೇಶ ಕಳಿಸಬಲ್ಲದು ಎಂದರೆ ನಂಬುತ್ತೀರಾ?

ಹಂದಿ ಹೇಳಿದ ಮೊದಲ ಮಾತು

ಕಥೆ ಶುರುವಾಗುವುದು ಅಮೆರಿಕದಲ್ಲಿ, 1928ರಲ್ಲಿ. ಬೂಷ್ಟು ಹಿಡಿದ ಗೋವಿನಜೋಳ ತಿಂದ ಹೆಣ್ಣುಹಂದಿಗಳ ಯೋನಿ ಊದಿಕೊಂಡ ಪ್ರಕರಣಗಳನ್ನು ಪಶುವೈದ್ಯರು ದಾಖಲಿಸಿದರು. ಇನ್ನೂ ಪ್ರಾಯಕ್ಕೆ ಬಾರದ ಮರಿಹಂದಿಗಳೂ ಬೆದೆಗೆ ಬಂದಂತೆ ಕಾಣುತ್ತಿದ್ದವು. ಮೇವು ಬದಲಿಸಿದರೆ ಊತ ಇಳಿಯುತ್ತಿತ್ತು. ಕಾರಣ ಮೇವಿನಲ್ಲೇ ಇದೆ ಎಂಬುದು ಸ್ಪಷ್ಟವಾಯಿತು. ಆದರೆ ಮೇವಿನಲ್ಲಿ ಏನಿದೆ? ಅದಕ್ಕೆ ಉತ್ತರ ಸಿಗಲು ಮೂವತ್ತನಾಲ್ಕು ವರ್ಷ ಬೇಕಾಯಿತು. 1962ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಫ್ಯುಸೇರಿಯಂ ಬೂಷ್ಟು ಹಿಡಿದ ಗೋವಿನಜೋಳದಿಂದ ಗರ್ಭಕೋಶವನ್ನು ಹಿಗ್ಗಿಸುವ ಒಂದು ವಸ್ತುವನ್ನು ಬೇರ್ಪಡಿಸಿದರು. 1966ರಲ್ಲಿ ಅದರ ರಚನೆ ಗೊತ್ತಾಗಿ, ಝಿಯರಲೆನೋನ್ ಎಂಬ ಹೆಸರು ಬಂತು. ಗೋವಿನಜೋಳದ ವೈಜ್ಞಾನಿಕ ಹೆಸರು ಝಿಯಾ ಮೇಯ್ಸ್. ಆ ಝಿಯಾ ಈ ವಿಷದ ಹೆಸರಿನೊಳಗೇ ಕೂತಿದೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಹೆಣ್ಣುದೇಹದ ಈಸ್ಟ್ರೋಜನ್ ಹಾರ್ಮೋನು ಕೊಲೆಸ್ಟ್ರಾಲ್‌ನಿಂದ ಹುಟ್ಟುವ ಸ್ಟಿರಾಯ್ಡ್ ಕುಲದ ಅಣು. ಬೂಷ್ಟಿನ ಝಿಯರಲೆನೋನ್ ಆ ಕುಲದ್ದೇ ಅಲ್ಲ! ಜಾತಿ ಬೇರೆ, ಕಟ್ಟಡ ಬೇರೆ, ಹುಟ್ಟಿದ ಮನೆ ಬೇರೆ. ಆದರೂ ಅದು ಮಡಚಿಕೊಂಡು ಕೂರುವ ಭಂಗಿ ಎಷ್ಟು ಹೋಲುತ್ತದೆಂದರೆ, ಜೀವಕೋಶದೊಳಗಿನ ಈಸ್ಟ್ರೋಜನ್ ಗ್ರಾಹಕ ಅದನ್ನು ನಮ್ಮವಳೇ ಎಂದು ಒಳಗೆ ಕರೆದುಕೊಳ್ಳುತ್ತದೆ. ಬೀಗ ತೆರೆಯುತ್ತದೆ. ಗರ್ಭಕೋಶ ಹಿಗ್ಗುತ್ತದೆ, ಅಂಡಾಶಯ ಗೊಂದಲಕ್ಕೆ ಬೀಳುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ದೇಹ ತನಗೆ ಬಂದ ವಿಷವನ್ನು ಯಕೃತ್ತಿನಲ್ಲಿ ಮುರಿದು ಸಾಧು ಮಾಡಲು ಹೋಗುತ್ತದಲ್ಲ, ಆಗ ಹುಟ್ಟುವ ಆಲ್ಫಾ ಝಿಯರಲೆನಾಲ್ ಎಂಬ ರೂಪ ಮೂಲ ವಿಷಕ್ಕಿಂತ ಹೆಚ್ಚು ಬಲವಾಗಿ ಆ ಬೀಗಕ್ಕೆ ಕೂರುತ್ತದೆ! ಕಳ್ಳನನ್ನು ಹಿಡಿಯಲು ಹೋದ ಕಾವಲುಗಾರನೇ ಅವನ ಕೈಗೆ ಇನ್ನೂ ಚೆನ್ನಾದ ಕೀಲಿಕೈ ಕೊಟ್ಟಂತೆ.

ಹೆಣ್ಣುನಾಯಿಯ ವಿಚಿತ್ರ ಪಂಚಾಂಗ

ಹಂದಿಯಲ್ಲಿ ಹೀಗಾದರೆ ನಾಯಿಯಲ್ಲಿ? ಇಲ್ಲಿಂದ ಮುಂದೆ ನನ್ನ ಬೆರಗು ಇಮ್ಮಡಿಯಾಯಿತು. ಹೆಣ್ಣುನಾಯಿಯ ದೇಹದ ಪಂಚಾಂಗ ಉಳಿದ ಪ್ರಾಣಿಗಳಂತಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸಲ ಬೆದೆಗೆ ಬರುತ್ತದೆ. ಮೊದಲು ಈಸ್ಟ್ರೋಜನ್ ಏರುತ್ತದೆ, ಗರ್ಭಕೋಶದ ಒಳಪದರವನ್ನು ಹದ ಮಾಡುತ್ತದೆ. ಆಮೇಲೆ ಪ್ರೊಜೆಸ್ಟರಾನ್‌ನ ಸರದಿ. ಎಮ್ಮೆಯಲ್ಲೋ ಹಸುವಿನಲ್ಲೋ ಗಬ್ಬ ನಿಲ್ಲದಿದ್ದರೆ ಈ ಪ್ರೊಜೆಸ್ಟರಾನ್ ಬೇಗ ಇಳಿದುಬಿಡುತ್ತದೆ. ನಾಯಿಯಲ್ಲಿ ಹಾಗಿಲ್ಲ! ಮರಿ ನಿಂತಿರಲಿ, ನಿಲ್ಲದಿರಲಿ, ಸುಮಾರು ಎರಡು ತಿಂಗಳು ಆ ಹಾರ್ಮೋನು ಹರಿಯುತ್ತಲೇ ಇರುತ್ತದೆ. ನಾಯಿಯ ಗರ್ಭದ ಅವಧಿಯೂ ಸುಮಾರು 63 ದಿನ. ಅಂದರೆ ಪ್ರತಿಯೊಂದು ಬೆದೆಯ ನಂತರವೂ ಹೆಣ್ಣುನಾಯಿಯ ದೇಹ ತಾನು ಗರ್ಭಿಣಿ ಎಂದೇ ನಡೆದುಕೊಳ್ಳುತ್ತದೆ. ಮರಿಯೇ ಇಲ್ಲದ ನಾಯಿ ಮೂಲೆಯಲ್ಲಿ ಗೂಡು ಮಾಡುವುದು, ಚಿಂದಿಬಟ್ಟೆಯನ್ನು ಮರಿಯಂತೆ ನೆಕ್ಕುವುದು, ಮೊಲೆಯಲ್ಲಿ ಹಾಲು ಬರುವುದು ಇದೇ ಕಾರಣಕ್ಕೆ.

ಈ ವ್ಯವಸ್ಥೆ ಎಷ್ಟು ಸುಂದರವೋ ಅಷ್ಟೇ ನಾಜೂಕು. ಈಸ್ಟ್ರೋಜನ್‌ನಿಂದ ಹದಗೊಂಡು, ಪ್ರೊಜೆಸ್ಟರಾನ್‌ನಿಂದ ದಪ್ಪಗಾಗಿ ರಸ ತುಂಬಿದ ಗರ್ಭಕೋಶ ಕ್ರಿಮಿಗಳಿಗೆ ಬೆಚ್ಚನೆಯ ತೊಟ್ಟಿಲು. ಕೀವು ತುಂಬಿಕೊಳ್ಳುವ ಆ ಕಾಯಿಲೆಗೆ ಪಯೋಮೆಟ್ರಾ ಎನ್ನುತ್ತಾರೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ನೀರು ಜಾಸ್ತಿ ಕುಡಿದು, ಊಟ ಬಿಟ್ಟು, ಹಿಂಭಾಗದಿಂದ ಕೀವು ಸೋರಿಸತೊಡಗಿದರೆ ಅದು ಜೀವ ತೆಗೆಯುವ ತುರ್ತು. ಬೇಡದ ಜೋಡಿಯಾದ ನಾಯಿಗೆ ಗರ್ಭ ತಡೆಯಲು ಈಸ್ಟ್ರೋಜನ್ ಇಂಜೆಕ್ಷನ್ ಕೊಡುತ್ತಿದ್ದ ಕಾಲದಲ್ಲಿ ಇದೇ ಕಾಯಿಲೆ ಹೆಚ್ಚುವುದನ್ನು ಪಶುವೈದ್ಯರು ಕಂಡರು. ಹೊರಗಿನ ಈಸ್ಟ್ರೋಜನ್ ನಾಯಿಯ ಗರ್ಭಕೋಶಕ್ಕೆ ಅಪಾಯ ಎಂಬುದು ಹಾಗೆ ಗೊತ್ತಾಯಿತು. ಹಾಗಾದರೆ ದಿನಾಲೂ ತಟ್ಟೆಯಲ್ಲಿ, ಇಂಜೆಕ್ಷನ್ ಇಲ್ಲದೆ, ಚಿಟಿಕೆ ಚಿಟಿಕೆಯಾಗಿ ಬೀಳುವ ನಕಲಿ ಈಸ್ಟ್ರೋಜನ್?

ಈ ಪ್ರಶ್ನೆಯ ಬೆನ್ನುಹತ್ತಿದವರು ಪೋಲೆಂಡಿನ ಓಲ್ಶ್ಟಿನ್ ನಗರದ ಪಶುವೈದ್ಯ ಸಂಶೋಧಕರು. ಸಂತಾನಾಂಗದ ತೊಂದರೆಯಿದ್ದ ಹೆಣ್ಣುನಾಯಿಗಳ ರಕ್ತದಲ್ಲಿ ಅವರು ಝಿಯರಲೆನೋನ್ ಹುಡುಕಿದರು. ಸಿಕ್ಕಿತು! ಮುಂದೆ, ಇನ್ನೂ ಬೆದೆಗೆ ಬಾರದ ಎಳೆಯ ಹೆಣ್ಣುನಾಯಿಗಳಿಗೆ ಸಣ್ಣ ಪ್ರಮಾಣದಲ್ಲಿ ಅದನ್ನು ವಾರಗಟ್ಟಲೆ ಕೊಟ್ಟು, ಅಂಡಾಶಯ ಮತ್ತು ಗರ್ಭಕೋಶದ ತೆಳುಪದರಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ತತ್ತಿಗಳನ್ನು ಹೊತ್ತ ಪುಟ್ಟ ಕೋಶಿಕೆಗಳು ಕ್ಷೀಣಿಸತೊಡಗಿದ್ದವು, ಗರ್ಭಕೋಶದ ಭಿತ್ತಿಯಲ್ಲೂ ಬದಲಾವಣೆ ಕಂಡಿತು. ಮುಂದೆಂದೋ ಹುಟ್ಟಬೇಕಾದ ಮರಿಗಳ ಲೆಕ್ಕ ಬೆದೆ ಬರುವ ಮುಂಚೆಯೇ, ಊಟದ ತಟ್ಟೆಯಲ್ಲೇ ತಪ್ಪಬಹುದು ಎಂದರೆ ಎಂಥ ಮಾತು ಇದು! ಹಂದಿಯ ಮೇಲೆ ಆದಷ್ಟು ಅಧ್ಯಯನ ನಾಯಿಯ ಮೇಲೆ ಆಗಿಲ್ಲ. ಆದರೆ ಆಗಿರುವಷ್ಟು ಬೆರಳು ತೋರಿಸುವ ದಿಕ್ಕು ಒಂದೇ.

ಕಾನೂನು ಕೂಡ ಆ ದಿಕ್ಕಿಗೇ ನೋಡಿದೆ. 2016ರಲ್ಲಿ ಯುರೋಪಿಯನ್ ಒಕ್ಕೂಟ ನಾಯಿ ಮತ್ತು ಬೆಕ್ಕಿನ ಆಹಾರದಲ್ಲಿ ಝಿಯರಲೆನೋನ್ ಎಷ್ಟಿರಬಹುದು ಎಂದು ಮಾರ್ಗಸೂಚಿ ಕೊಟ್ಟಿತು. ಬೆಳೆದ ನಾಯಿಗಳಿಗೆ ಕಿಲೋಗೆ 0.2 ಮಿಲಿಗ್ರಾಂ. ಮರಿಗಳಿಗೂ ಮರಿ ಹಾಕಿಸುವ ನಾಯಿಗಳಿಗೂ ಅದರ ಅರ್ಧ, 0.1 ಮಿಲಿಗ್ರಾಂ. ತಾಯಿಯಾಗುವವಳ ತಟ್ಟೆಗೆ ಬೇರೆಯೇ ಗೆರೆ! ಈ ಅಂಕಿಯನ್ನು ಅಮರಗೋಳದ ಲೆಕ್ಕಕ್ಕೆ ತಂದು ನೋಡಿದೆ. ಒಂದು ಕ್ವಿಂಟಲ್ ಗೋವಿನಜೋಳದಲ್ಲಿ 10 ಮಿಲಿಗ್ರಾಂ ಇದ್ದರೆ ಗೆರೆ ಮುಟ್ಟಿದಂತೆ. 10 ಮಿಲಿಗ್ರಾಂ ಎಂದರೆ ಒಂದು ಅಕ್ಕಿಕಾಳಿನ ಅರ್ಧದಷ್ಟು ತೂಕ. ನೂರು ಕಿಲೋ ರಾಶಿಯಲ್ಲಿ ಅರ್ಧ ಅಕ್ಕಿಕಾಳು!

ನಾಯಿಗಳೇ ಮೊದಲು ಕೂಗಿದ್ದವು

ಬೂಷ್ಟಿನ ವಿಷಗಳ ಚರಿತ್ರೆ ಓದುವಾಗ ಎಲ್ಲರೂ 1960ರ ಇಂಗ್ಲೆಂಡಿನಿಂದ ಶುರುಮಾಡುತ್ತಾರೆ. ಆ ವರ್ಷ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ ಅದಕ್ಕೆ ಟರ್ಕಿ ಎಕ್ಸ್ ರೋಗ ಎಂದು ಹೆಸರಿಟ್ಟರು. ಕೊನೆಗೆ ಜಾಡು ಹೋಗಿ ನಿಂತದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯ ಮೇಲೆ. ಅದರಲ್ಲಿದ್ದ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್. ಅದರ ವಿಷಕ್ಕೆ ಬೂಷ್ಟಿನ ಹೆಸರನ್ನೇ ಮೊಟಕು ಮಾಡಿ ಅಫ್ಲಟಾಕ್ಸಿನ್ ಎಂದು ಕರೆದರು. ನೇರಳಾತೀತ ಬೆಳಕಿನ ಕೆಳಗೆ ಈ ವಿಷ ಹೊಳೆಯುತ್ತದೆ. ನೀಲಿ ಹೊಳಪಿನದಕ್ಕೆ ಬಿ, ಹಸಿರು ಹೊಳಪಿನದಕ್ಕೆ ಜಿ ಎಂದು ಹೆಸರು.

ಆದರೆ ಟರ್ಕಿಗಳಿಗಿಂತ ಎಂಟು ವರ್ಷ ಮೊದಲೇ ನಾಯಿಗಳು ಸತ್ತು ಸುದ್ದಿ ಹೇಳಿದ್ದವು! 1952ರಲ್ಲಿ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ನಾಯಿಗಳಿಗೆ ಯಕೃತ್ತು ಕೆಟ್ಟು ಕಾಮಾಲೆ ಬಂದು ಸಾಯುತ್ತಿದ್ದುದನ್ನು ಪಶುವೈದ್ಯರು ವರದಿ ಮಾಡಿದ್ದರು. ಅದಕ್ಕೂ ಕಾರಣ ಸಿಗದೆ ಹೆಪಟೈಟಿಸ್ ಎಕ್ಸ್ ಎಂದು ಕರೆದಿದ್ದರು. ಬೂಷ್ಟು ಹಿಡಿದ ಗೋವಿನಜೋಳ ತಿಂದ ಹಂದಿಗಳ ಕಾಯಿಲೆಗೂ ಇದಕ್ಕೂ ನಂಟಿದೆ ಎಂದು 1959ರ ಹೊತ್ತಿಗೆ ಕೆಲವರು ಗುರುತಿಸಿದ್ದರು. ಅಫ್ಲಟಾಕ್ಸಿನ್ ಸಿಕ್ಕ ಮೇಲೆ, ನಾಯಿಗಳ ಆ ಎಕ್ಸ್ ಮತ್ತು ಟರ್ಕಿಗಳ ಈ ಎಕ್ಸ್ ಒಂದೇ ಎಂದು ಗೊತ್ತಾಯಿತು.

ನಮ್ಮ ದೇಶದಲ್ಲಿ ನಡೆದದ್ದನ್ನು ಓದಿದಾಗ ಮೈ ಜುಮ್ಮೆಂದಿತು. 1974ರ ಅಕ್ಟೋಬರ್ ಹೊತ್ತಿಗೆ, ಅಕಾಲದ ಮಳೆಗೆ ನೆನೆದ ಗೋವಿನಜೋಳ ತಿಂದ ರಾಜಸ್ಥಾನದ ಬಾನ್ಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಜನ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆಗೆ ಬಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅವರು ಬರೆದಿಟ್ಟ ಒಂದು ವಿವರ ನನ್ನನ್ನು ಬಿಡುತ್ತಿಲ್ಲ. ಮನುಷ್ಯರಿಗೆ ಕಾಯಿಲೆ ಬರುವ ಮುಂಚೆ ಅದೇ ಲಕ್ಷಣದ ಕಾಯಿಲೆ ಊರ ನಾಯಿಗಳಿಗೆ ಬಂದಿತ್ತು! ಅದೇ ರೊಟ್ಟಿ, ಅದೇ ಕಾಳು. ನಾಯಿ ಮುಂದೆ ನಿಂತು ಕೂಗಿತ್ತು. ಯಾರಿಗೂ ಕೇಳಲಿಲ್ಲ.

ಅಫ್ಲಟಾಕ್ಸಿನ್ ನೇರವಾಗಿ ಗರ್ಭಕೋಶದ ಬೀಗಕ್ಕೆ ಕೈಹಾಕುವ ವಿಷವಲ್ಲ. ಅದರ ಮೊದಲ ಗುರಿ ಯಕೃತ್ತು. ಆದರೆ ದೇಹದ ಲೈಂಗಿಕ ಹಾರ್ಮೋನುಗಳನ್ನು ಬಳಸಿ ಮುಗಿದ ಮೇಲೆ ಒಡೆದು ಹೊರಹಾಕುವ ಅಂಗವೂ ಯಕೃತ್ತೇ. ಅದು ಸೋತರೆ ಹಾರ್ಮೋನುಗಳ ಲೆಕ್ಕಪತ್ರವೂ ಸೋಲುತ್ತದೆ. ಗಂಡು ಪ್ರಾಣಿಗಳನ್ನೂ ಇದು ಬಿಡುವುದಿಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ಅಫ್ಲಟಾಕ್ಸಿನ್ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತದೆ. ನಾಯಿಯ ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಹಾಗಾಗಿ ಇಂದು ಕೆಟ್ಟ ತಟ್ಟೆಯ ಪರಿಣಾಮ ಎರಡು ತಿಂಗಳ ನಂತರದ ಜೋಡಿಯಲ್ಲಿ ಕಾಣಬಹುದು. ಇನ್ನೊಂದು ಅಚ್ಚರಿ ಹಾಲಿನಲ್ಲಿದೆ. ಹಾಲುಣಿಸುವ ಪ್ರಾಣಿ ಅಫ್ಲಟಾಕ್ಸಿನ್ ಬಿ1 ತಿಂದರೆ ಅದರ ಒಂದು ಪಾಲು ರೂಪ ಬದಲಿಸಿ ಹಾಲಿಗಿಳಿಯುತ್ತದೆ. ಅದರ ಹೆಸರು ಎಂ1. ಎಂ ಎಂದರೆ ಮಿಲ್ಕ್. ಹಾಲಿಗಿಳಿದ ವಿಷಕ್ಕೆ ವಿಜ್ಞಾನಿಗಳು ಹಾಲಿನ ಹೆಸರನ್ನೇ ಇಟ್ಟಿದ್ದಾರೆ!

ಹಾಲು ಬತ್ತಿಸುವ ಬೂಷ್ಟು, ಹಾಲು ಬತ್ತಿಸುವ ಮದ್ದು

ನಮ್ಮ ಸಜ್ಜೆಯ ತೆನೆಗೆ ಬರುವ ಒಂದು ರೋಗವನ್ನು ರೈತರು ಬಲ್ಲರು. ತೆನೆಯಿಂದ ಜೇನಿನಂಥ ಅಂಟು ಒಸರುತ್ತದೆ, ಆಮೇಲೆ ಕಾಳಿನ ಜಾಗದಲ್ಲಿ ಕಪ್ಪು ಗಟ್ಟಿ ಮುಳ್ಳು ಕಾಣುತ್ತದೆ. ಅದು ಎರ್ಗಾಟ್. 1959ರಲ್ಲಿ, ಇಂದು ಜಿಂಬಾಬ್ವೆ ಎನ್ನುವ ದೇಶದ ಪಶುವೈದ್ಯರು ಒಂದು ವಿಚಿತ್ರ ದಾಖಲಿಸಿದರು. ಎರ್ಗಾಟ್ ಹಿಡಿದ ಸಜ್ಜೆ ತಿಂದ ಹೆಣ್ಣುಹಂದಿಗಳು ಮರಿ ಹಾಕಿದವು, ಆದರೆ ಮೊಲೆಯಲ್ಲಿ ಹಾಲಿಲ್ಲ! ಎರ್ಗಾಟ್‌ನ ರಾಸಾಯನಿಕಗಳು ಮಿದುಳಿನ ಡೋಪಮಿನ್ ಮಾತನ್ನು ಅನುಕರಿಸಿ, ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್‌ಗೆ ತಡೆ ಹಾಕುತ್ತವೆ. ತೊಟ್ಟಿಲಿದೆ, ಮಗುವಿದೆ, ಹಾಲು ಮಾತ್ರ ಇಲ್ಲ.

ಈಗ ಅಚ್ಚರಿಯ ಇನ್ನೊಂದು ಮಗ್ಗುಲು. ಸುಳ್ಳು ಗರ್ಭದಿಂದ ಮೊಲೆ ಬಿಗಿದು ನರಳುವ ಹೆಣ್ಣುನಾಯಿಗೆ ಪಶುವೈದ್ಯರು ಕೊಡುವ ಮದ್ದಿನ ಹೆಸರು ಕ್ಯಾಬರ್ಗೊಲಿನ್. ಅದು ಹಾಲನ್ನು ಬತ್ತಿಸುತ್ತದೆ, ನಾಯಿಗೆ ನೆಮ್ಮದಿ ಕೊಡುತ್ತದೆ. ಆ ಮದ್ದಿನ ವಂಶವೃಕ್ಷ ಹುಡುಕಿದರೆ ಬೇರು ಸಿಗುವುದು ಎರ್ಗಾಟ್‌ನಲ್ಲೇ! ಹೊಲದಲ್ಲಿ ಶಾಪವಾದದ್ದು ಆಸ್ಪತ್ರೆಯಲ್ಲಿ ವರ. ಒಂದೇ ಅಣುಕುಲ, ಅಳತೆ ತಪ್ಪಿದರೆ ಮರಿಗೆ ಹಸಿವು, ಅಳತೆ ಹಿಡಿದರೆ ತಾಯಿಗೆ ಆರಾಮ. ಗರ್ಭಕೋಶಕ್ಕೂ ಮೊಲೆಗೂ ಬೂಷ್ಟು ಇಷ್ಟು ಸ್ಪಷ್ಟವಾಗಿ ಮಾತಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಕೀಲಿಕೈ ಮುರಿಯುವವರೂ ಬೂಷ್ಟುಗಳೇ. 2002ರಲ್ಲಿ ಜಪಾನಿನ ವಿಜ್ಞಾನಿಗಳು ಕ್ಲೋನೋಸ್ಟ್ಯಾಕಿಸ್ ರೋಸಿಯಾ ಎಂಬ ಮಣ್ಣಿನ ಬೂಷ್ಟಿನಿಂದ ಒಂದು ಕಿಣ್ವವನ್ನು ಪ್ರತ್ಯೇಕಿಸಿದರು. ಅದು ಝಿಯರಲೆನೋನ್‌ನ ಉಂಗುರವನ್ನು ಕತ್ತರಿಸಿ ನಿಷ್ಕ್ರಿಯಗೊಳಿಸುತ್ತದೆ. ಉಂಗುರ ಬಿಚ್ಚಿದ ಮೇಲೆ ಕೀಲಿಕೈ ಬೀಗಕ್ಕೆ ಕೂರುವುದೇ ಇಲ್ಲ. ಮಣ್ಣಿನ ಕತ್ತಲೆಯಲ್ಲಿ ಬೂಷ್ಟು ಬೂಷ್ಟಿನ ಜೊತೆ ಯುದ್ಧ ಮಾಡುತ್ತಿದೆ, ನಾವು ಅದರ ಆಯುಧವನ್ನು ಈಗ ಎತ್ತಿಕೊಳ್ಳುತ್ತಿದ್ದೇವೆ!

ಕುನ್ನಿಯ ನಾಡಿನಲ್ಲಿ

ಇಷ್ಟೆಲ್ಲ ಓದಿ ಮತ್ತೆ ಉತ್ತರ ಕರ್ನಾಟಕದ ಕಡೆ ನೋಡಿದರೆ ಎದೆ ಬಡಿದುಕೊಳ್ಳುತ್ತದೆ. ಇದು ನಾಯಿಯನ್ನು ದೈವದ ಹತ್ತಿರ ಕೂರಿಸಿದ ನಾಡು. ಮೈಲಾರಲಿಂಗನ ಗೊರವಯ್ಯಗಳು ತಾವೇ ಅವನ ನಾಯಿಗಳೆಂದು ಹೇಳಿಕೊಂಡು ದೋಣಿ ಎಂಬ ಮರದ ಪಾತ್ರೆಯಲ್ಲಿ ಉಣ್ಣುವ ನಾಡು. ಉತ್ತರಕ್ಕೆ ಹೋದರೆ ಮುಧೋಳ. ಘೋರ್ಪಡೆ ಮನೆತನ ಉಳಿಸಿ ಬೆಳೆಸಿದ ಮುಧೋಳ ಬೇಟೆನಾಯಿಯ ಚಿತ್ರ 2005ರ ಜನವರಿ 9ರಂದು ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆಯವರು ಈ ತಳಿಯ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ಬಡ ಕುಟುಂಬಗಳು ಒಂದೆರಡು ಹೆಣ್ಣುಕುನ್ನಿ ಸಾಕಿ, ಮರಿ ಮಾರಿ ಮನೆ ನಡೆಸುತ್ತವೆ. ಅಲ್ಲಿ ಒಂದು ಸೂಲು ಹೋದರೆ ಅರ್ಧ ವರ್ಷದ ಆದಾಯ ಹೋದಂತೆ.

ಆ ಕುನ್ನಿಗಳು ತಿನ್ನುವುದೇನು? ಗೋವಿನಜೋಳದ ನುಚ್ಚು, ಜೋಳದ ರೊಟ್ಟಿ, ಹಾಲು, ಇದ್ದ ದಿನ ಮೊಟ್ಟೆ. ಒಳ್ಳೆಯ ಕಾಳಾದರೆ ಒಳ್ಳೆಯ ಊಟ. ಆದರೆ ನಮ್ಮ ಮನೆಗಳಲ್ಲಿ ಒಂದು ಹಳೆಯ ಮಾತಿದೆ. ಚೀಲದ ತಳದ ಕಾಳು ಮುಗ್ಗಿದಾಗ, ಬುಟ್ಟಿಯ ರೊಟ್ಟಿಗೆ ಬೂಷ್ಟು ಬಂದಾಗ ಅಡುಗೆಮನೆಯಿಂದ ಕೇಳಿಬರುತ್ತದೆ: "ಒಗೀಬ್ಯಾಡ, ನಾಯಿಗೆ ಹಾಕು." ಪ್ರೀತಿಯಿಂದಲೇ ಹೇಳುವ ಮಾತು, ಅನ್ನ ವ್ಯರ್ಥವಾಗಬಾರದು ಎಂಬ ಮಾತು. ಅದೇ ಮಾತಿನ ದಾರಿಯಲ್ಲಿ ಈ ಕೀಲಿಕೈ ಕುನ್ನಿಯ ಹೊಟ್ಟೆ ಸೇರುತ್ತದೆ. ಕುದಿಸಿದರೆ ಹೋಗುತ್ತದೆಯೇ? ಹೋಗುವುದಿಲ್ಲ. ಅಫ್ಲಟಾಕ್ಸಿನ್ ಬಿ1 ಒಡೆಯಲು 250 ಡಿಗ್ರಿಗೂ ಹೆಚ್ಚಿನ ಕಾವು ಬೇಕು, ಗಂಜಿ ಕುದಿಯುವುದು 100ರಲ್ಲಿ. ಝಿಯರಲೆನೋನ್ ಕೂಡ ಕುದಿಗೆ ಜಗ್ಗುವುದಿಲ್ಲ. ಮೇಲಿನ ಬೂಷ್ಟನ್ನು ಒರೆಸಿದರೆ ಬೂಷ್ಟು ಹೋಗುತ್ತದೆ, ವಿಷ ಒಳಗೇ ಉಳಿಯುತ್ತದೆ.

ನಮ್ಮ ಹಿರಿಯರು ಈ ವಿಷದ ಹೆಸರು ತಿಳಿಯದೆಯೇ ಅದರ ದಾರಿ ಕಟ್ಟಿದ್ದರು. ನೆಲದೊಳಗಿನ ಹಗೇವು ನೆನಪಿಸಿಕೊಳ್ಳಿ. ಚೆನ್ನಾಗಿ ಒಣಗಿದ ಜೋಳವನ್ನು ಸೊಪ್ಪೆ ಹಾಸಿ ತುಂಬಿ, ಬಾಯಿ ಮುಚ್ಚಿದರೆ ಒಳಗಿನ ಗಾಳಿಯ ಆಮ್ಲಜನಕ ಕಡಿಮೆಯಾಗಿ ಹುಳಕ್ಕೂ ಬೂಷ್ಟಿಗೂ ಉಸಿರು ಕಟ್ಟುತ್ತದೆ. ಇಂದು ಅಮರಗೋಳದಲ್ಲಿ ಮಷಿನ್ ತೋರಿಸುವ ಅಂಕಿಯೂ ಅದೇ ವಿವೇಕ. ಬೆಂಬಲ ಬೆಲೆಯ ಖರೀದಿಗೆ ಗೋವಿನಜೋಳದ ತೇವಾಂಶ ಶೇ 14 ದಾಟಬಾರದು ಎಂಬ ನಿಯಮದ ಹಿಂದೆ ಬೆಲೆ ಮಾತ್ರವಲ್ಲ, ಯಾವುದೋ ಕುನ್ನಿಯ ಸೂಲೂ ಇದೆ ಎಂದು ಈಗ ನನಗೆ ಕಾಣುತ್ತಿದೆ.

ನಾಯಿ ಸಾಕಿದವರೇ, ಮಾಡಬೇಕಾದದ್ದು ದೊಡ್ಡದೇನಲ್ಲ. ಕಾಳನ್ನು ಗರಿಗರಿ ಒಣಗಿಸಿ, ಒಡೆದ ಮತ್ತು ಬಣ್ಣಗೆಟ್ಟ ಕಾಳನ್ನು ಜರಡಿ ಹಿಡಿದು ತೆಗೆಯಿರಿ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಪ್ಯಾಕೆಟ್ ಆಹಾರ ತಂದರೆ ಒಡೆದ ಮೇಲೆ ಬಾಯಿ ಬಿಗಿದು ಬೇಗ ಮುಗಿಸಿ. ಬೆದೆ ತಪ್ಪಿದರೆ, ಮರಿ ಕಂದಿದರೆ, ಕೀವು ಸೋರಿದರೆ ಪಶುವೈದ್ಯರ ಬಳಿ ಓಡಿ. ಬ್ರುಸೆಲ್ಲಾದಂಥ ಸೋಂಕುಗಳೂ ಗರ್ಭ ಕೆಡಿಸುತ್ತವೆ, ಅವು ಮನುಷ್ಯರಿಗೂ ಹರಡಬಲ್ಲವು, ಅದನ್ನು ಪರೀಕ್ಷಿಸಿಯೇ ತಿಳಿಯಬೇಕು. ಹೋಗುವಾಗ ನಾಯಿ ತಿಂದ ಕಾಳಿನ ಒಂದು ಹಿಡಿಯನ್ನೂ ಕಟ್ಟಿಕೊಂಡು ಹೋಗಿ. ಗಬ್ಬವಾದ ಕುನ್ನಿಗೂ ಹಾಲುಣಿಸುವ ಕುನ್ನಿಗೂ ಮನೆಯ ಅತ್ಯುತ್ತಮ ಕಾಳು ಹಾಕಿ.

ಮನುಷ್ಯರು ಉಣ್ಣಬಾರದ ಕಾಳು ನಾಯಿಯೂ ಉಣ್ಣಬಾರದ ಕಾಳೇ. ಇನ್ನು ಮುಂದೆ ಬೂಷ್ಟು ಹಿಡಿದದ್ದನ್ನು ನಾಯಿಗೆ ಹಾಕಬೇಡಿ, ತಿಪ್ಪೆಯಲ್ಲಿ ಹೂತುಬಿಡಿ.